ತಲೆಯ ಮೇಲೆ ಅಚ್ಚಾದ ಹೆಸರು

ಶರಣರೇ, ತಾಯಂದಿರೇ, ಒಂದು ಕ್ಷಣ ನಿಮ್ಮ ಕೈಯಲ್ಲಿರುವ ಬೀಸಣಿಗೆಯನ್ನು ತಿರುಗಿಸಿ ನೋಡಿ. ಮುಂದೆ ಗುರುಗಳ ಚಿತ್ರ ಇದೆ. ಹಿಂದೆ? ಹಿಂದೆ ನಮ್ಮ ಪೇಟೆಯ ಒಂದು ಅಂಗಡಿಯ ಹೆಸರು, ಕೆಳಗೆ ಫೋನ್ ನಂಬರು. ತಪ್ಪಿಲ್ಲ. ಸೆಕೆಯಲ್ಲಿ ಗಾಳಿ ಕೊಟ್ಟವರು ಹೆಸರು ಹಾಕಿಕೊಂಡರೆ ನಮ್ಮ ಗಂಟೇನು ಹೋಗುತ್ತದೆ? ಮದುವೆಗೆ ಕೊಟ್ಟ ತಂಬಿಗೆಯ ಕಂಠಕ್ಕೂ ಹೆಸರು ಕೆತ್ತಿಸುವ ಜನ ನಾವು. ಗುಡಿಗೆ ಟ್ಯೂಬ್‌ಲೈಟ್ ಕೊಟ್ಟು, ಅದರ ಮೇಲೆ ಅಪ್ಪನ ಹೆಸರು, ಅಜ್ಜನ ಹೆಸರು ಬರೆಸಿ ಅರ್ಧ ಬೆಳಕು ಮುಚ್ಚಿಬಿಡುವ ಜನ ನಾವು. ನಗುತ್ತೀರಿ, ನಗಿ. ಈಗ ಹೇಳುವ ಕಥೆಯಲ್ಲಿ ಮುಂದೆ ನಗುವುದಕ್ಕೆ ಹೆಚ್ಚು ಜಾಗ ಇಲ್ಲ.

ಒಂದು ತಾಲೂಕಿನ ಊರಲ್ಲಿ ಒಬ್ಬ ಅಂಗಡಿಯವ ಇದ್ದ. ಬೈಕು, ಸ್ಕೂಟರುಗಳ ಸ್ಪೇರ್ ಪಾರ್ಟ್ಸ್ ಮಾರುವವ. ಅವನ ಹೆಸರು ಹೇಳುವುದಿಲ್ಲ. ಅವನಿಗೆ ಮೊದಲೇ ಹೆಸರಿನ ಹುಚ್ಚು, ನಾವೂ ಯಾಕೆ ಅದಕ್ಕೆ ಸೇರಿಸೋಣ? ಈ ಕಥೆಯಲ್ಲಿ ಇಬ್ಬರು ಸಾಯುತ್ತಾರೆ. ಅವರ ಹೆಸರು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ.

ಅಂಗಡಿಯವ ಕೆಟ್ಟವನಲ್ಲ, ನೋಡಿ. ಕೆಟ್ಟವನ ಕಥೆ ಹೇಳಿದರೆ ನೀವು ಹಾಯಾಗಿ ಕೇಳಿ, ಪ್ರಸಾದ ತೆಗೆದುಕೊಂಡು ಎದ್ದು ಹೋಗುತ್ತೀರಿ. ಇವನು ಅಪ್ಪನ ಕಾಲದಿಂದ ಅದೇ ಅಂಗಡಿಯಲ್ಲಿ ಕೂತವನು. ಬ್ರೇಕ್ ಶೂ ಕೈಯಲ್ಲಿ ಹಿಡಿದರೆ ಸಾಕು, ಅಸಲಿಯೋ ನಕಲಿಯೋ ಎಂದು ತೂಕದಲ್ಲೇ ಹೇಳುತ್ತಿದ್ದ. ನಕಲಿ ಸಾಮಾನನ್ನು ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಿಟ್ಟವನಲ್ಲ. ಊರವರು ಅವನ ಮಾತು ನಂಬಿ ಗಾಡಿ ಓಡಿಸುತ್ತಿದ್ದರು.

ಹೀಗಿರುವಾಗ ಬೈಪಾಸ್ ರಸ್ತೆಗೆ ಒಂದು ಹೊಸ ಅಂಗಡಿ ಬಂತು. ಗಾಜಿನ ಬಾಗಿಲು, ಎಸಿ, ಕೂರಲು ಸೋಫಾ. ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಸರಿದರು. ಇವನ ಅಂಗಡಿಯ ಮುಂದೆ ಹಾದುಹೋಗುವಾಗ ಮುಖ ಆ ಕಡೆ ತಿರುಗಿಸಿಕೊಂಡು ಹೋಗತೊಡಗಿದರು. ವ್ಯಾಪಾರ ಕಡಿಮೆಯಾದದ್ದಕ್ಕಿಂತ ಆ ತಿರುಗಿಸಿದ ಮುಖ ಅವನನ್ನು ಹೆಚ್ಚು ಸುಟ್ಟಿತು. ಊರು ತನ್ನ ಹೆಸರು ಮರೆಯುತ್ತಿದೆ ಎಂದು ಅವನಿಗೆ ಒಳಗೊಳಗೇ ಭಯ.

ಆಗ ದೊಡ್ಡ ಊರಿನಿಂದ ಒಬ್ಬ ಏಜೆಂಟ್ ಬಂದ. ಅವನ ಚೀಲದಲ್ಲಿ ಏನುಂಟು ಏನಿಲ್ಲ? ಪೆನ್ನು, ಕೀಚೈನು, ಗೋಡೆ ಗಡಿಯಾರ, ಬಟ್ಟೆಯ ಕೈಚೀಲ, ನೀರಿನ ಬಾಟಲಿ. ಯಾವುದಕ್ಕೆ ಬೇಕಾದರೂ ನಿಮ್ಮ ಹೆಸರು ಹಾಕಿಸಿ ಕೊಡುತ್ತೇನೆ, ಹಂಚಿ ನೋಡಿ, ಜನ ಹುಡುಕಿಕೊಂಡು ಬರುತ್ತಾರೆ ಎಂದ. ಅಂಗಡಿಯವನಿಗೆ ಯಾವುದೂ ಹಿಡಿಸಲಿಲ್ಲ. ಪೆನ್ನು ವಾರದಲ್ಲಿ ಕಳೆಯುತ್ತದೆ, ಕ್ಯಾಲೆಂಡರು ಬಾಗಿಲ ಹಿಂದೆ ಸೇರುತ್ತದೆ, ಕೈಚೀಲದಲ್ಲಿ ಉಳ್ಳಾಗಡ್ಡಿ ತರುತ್ತಾರೆ ಎಂದ. ಏಜೆಂಟ್ ನಕ್ಕು, ಚೀಲದ ತಳದಿಂದ ಒಂದು ಹಳದಿ ಹೆಲ್ಮೆಟ್ ತೆಗೆದು ಕೌಂಟರಿನ ಮೇಲೆ ಇಟ್ಟ. ಆ ದಿನಗಳಲ್ಲಿ ಪೊಲೀಸರು ಊರ ಕ್ರಾಸಿನಲ್ಲಿ ನಿಂತು, ಹೆಲ್ಮೆಟ್ ಇಲ್ಲದವರನ್ನೆಲ್ಲ ಹಿಡಿಯುತ್ತಿದ್ದರು.

"ಕ್ಯಾಲೆಂಡರ್ ಗ್ವಾಡಿ ಮ್ಯಾಲ ಕುಂದರತೈತ್ರಿ. ಇದು ಜನರ ತಲಿ ಮ್ಯಾಲ ಕುಂತು ಊರೆಲ್ಲಾ ತಿರಗತೈತಿ" ಎಂದ ಏಜೆಂಟ್.

ಅಂಗಡಿಯವ ಅದನ್ನು ಕೈಗೆ ತೆಗೆದುಕೊಂಡ. ತೆಗೆದುಕೊಂಡ ಕೂಡಲೇ ಕೈಗೆ ಗೊತ್ತಾಯಿತು. ಹಗುರ, ಪ್ಲಾಸ್ಟಿಕ್ ಬುಟ್ಟಿಯಷ್ಟು ಹಗುರ. ಹೆಬ್ಬೆರಳಿನಿಂದ ಒತ್ತಿದ, ಒಳಗೆ ತಗ್ಗಾಯಿತು. ಒಳಬದಿಗೆ ಬೆರಳು ಹಾಕಿ ನೋಡಿದರೆ ದಪ್ಪನೆಯ ಥರ್ಮಾಕೋಲ್ ಇರಬೇಕಾದಲ್ಲಿ ಒಂದು ತೆಳ್ಳನೆಯ ಸ್ಪಂಜು. ಬಿದ್ದರೆ ಇದು ತಡೆಯುತ್ತದೆಯೇ ಎಂದು ಕೇಳಿದ.

"ಬಿದ್ರ ತಡಿಯಂಗಿಲ್ಲ ಬಿಡ್ರಿ. ಪೊಲೀಸ್ರನ್ನ ತಡೀತೈತಿ" ಎಂದ ಏಜೆಂಟ್. ಇಬ್ಬರೂ ನಕ್ಕರು.

ನೋಡಿ, ಅಸಲಿ ನಕಲಿ ಬಲ್ಲವನು ನಕ್ಕ. ಅದನ್ನು ಮಾರು ಎಂದಿದ್ದರೆ ಅಂಗಡಿಯಿಂದ ಎಬ್ಬಿಸಿ ಕಳಿಸುತ್ತಿದ್ದ. ಆದರೆ ಮನಸ್ಸು ಒಂದು ದಾರಿ ಹುಡುಕಿಕೊಂಡಿತು. ನಾನೇನು ಮಾರುತ್ತಿದ್ದೇನೆಯೇ? ಪುಕ್ಕಟೆ ಕೊಡುತ್ತಿದ್ದೇನೆ. ದುಡ್ಡು ತೆಗೆದುಕೊಂಡಿದ್ದರಲ್ಲವೇ ಮೋಸ? ಹೀಗೆಂದುಕೊಂಡು ದೊಡ್ಡ ಆರ್ಡರನ್ನೇ ಕೊಟ್ಟ. ಮುಂದೆ ದಪ್ಪ ಕೆಂಪು ಅಕ್ಷರದಲ್ಲಿ ತನ್ನ ಹೆಸರು, ಹಿಂದೆ ಅಂಗಡಿಯ ಫೋನ್ ನಂಬರು, ಅದರ ಕೆಳಗೆ 'ನಿಮ್ಮ ಸುರಕ್ಷತೆಯೇ ನಮ್ಮ ಸಂತೋಷ' ಎಂಬ ಮಾತು. ಆ ಮಾತನ್ನು ಅವನೇ ಕೂತು ಬರೆದದ್ದು. ಇಷ್ಟಾಗಿಯೂ, ತಾನು ದಿನಾ ಹಾಕಿಕೊಳ್ಳುತ್ತಿದ್ದ ಕಂಪನಿಯ ಗಟ್ಟಿ ಹೆಲ್ಮೆಟನ್ನು ಬದಲಿಸಲಿಲ್ಲ. ಅದು ಅಂಗಡಿಯ ಗೂಟಕ್ಕೆ ಎಂದಿನಂತೆ ತೂಗುತ್ತಿತ್ತು.

ದೀಪಾವಳಿಯ ಪಾಡ್ಯದ ದಿನ ಪೇಟೆಯಲ್ಲಿ ಅಂಗಡಿ ಪೂಜೆ ಇರುತ್ತದಲ್ಲ, ಗಿರಾಕಿಗಳನ್ನು ಕರೆದು ಚುರಮುರಿ, ಪೇಡೆ, ಎಲೆ ಅಡಿಕೆ ಕೊಡುತ್ತೀರಲ್ಲ, ಅವತ್ತು ಅಂಗಡಿಯವ ಬಂದವರಿಗೆಲ್ಲ ಒಂದೊಂದು ಹೆಲ್ಮೆಟ್ ಕೊಟ್ಟ. ಕೈಯಾರೆ ತಲೆಗೆ ಇಟ್ಟು, ಪಟ್ಟಿ ಬಿಗಿದು ಕಳಿಸಿದ. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜನ ಕಡಿಮೆಯೇ? ದಾನದ ಎಮ್ಮೆಯ ಹಲ್ಲು ಎಣಿಸಬಾರದು ಎಂದು ಬೇರೆ ಕಲಿತಿದ್ದೇವೆ. ಯಾರೂ ಹೆಬ್ಬೆರಳಿನಿಂದ ಒತ್ತಿ ನೋಡಲಿಲ್ಲ. ಅವನು ಕೊಟ್ಟಿದ್ದಾನೆ ಎಂದರೆ ಗಟ್ಟಿಯೇ ಇರಬೇಕು ಎಂದುಕೊಂಡರು.

ಊರು ಹಳದಿಯಾಯಿತು. ಸಂತೆಯ ದಿನ ಅಂಗಡಿಯ ಮುಂದೆ ನಿಂತರೆ ಎತ್ತ ನೋಡಿದರೂ ಅವನ ಹೆಸರು. ಅವನ ಹೆಂಡತಿ, "ಊರ ತುಂಬ ಚೆಂಡು ಹೂವು ಅರಳಿದಂಗ ಆಗೇತಿ ನೋಡ್ರಿ" ಎಂದು ಚೇಷ್ಟೆ ಮಾಡಿದಳು. ಗಾಜಿನ ಬಾಗಿಲಿಗೆ ಹೋಗಿದ್ದವರು ಮೆಲ್ಲಗೆ ತಿರುಗಿ ಬಂದರು. ಹೆಲ್ಮೆಟ್ ತೆಗೆದುಕೊಂಡ ಮುಲಾಜು ಇರುತ್ತದಲ್ಲ! ಅಂಗಡಿಯವನಿಗೆ ಊಟ ಮೈಗೆ ಹತ್ತಿತು, ನಿದ್ದೆ ಕಣ್ಣಿಗೆ ಹತ್ತಿತು.

ಆ ಹೆಲ್ಮೆಟ್ ಪಡೆದವರಲ್ಲಿ ಒಬ್ಬ ಹಾಲಿನವ. ಹೆಸರು ಫಕೀರಪ್ಪ. ಹಳ್ಳಿಯಿಂದ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಊರಿಗೆ ಹಾಲು ತರುವವ. ಸಂಕ್ರಾಂತಿಯ ಸುಮಾರಿಗೆ, ಬೆಳಗಿನ ಮಂಜಿನಲ್ಲಿ, ಕಾಲುವೆಯ ಸೇತುವೆ ಹತ್ತಿರದ ರಸ್ತೆಯುಬ್ಬು ಕಾಣದೆ ಹಾರಿಬಿದ್ದ. ಜೋರಾಗಿ ಬಿದ್ದದ್ದೂ ಅಲ್ಲ. ಹಿಂದೆ ಬರುತ್ತಿದ್ದವರು, ಕೈಕಾಲು ತರಚಿರಬಹುದು ಎಂದುಕೊಂಡೇ ಗಾಡಿ ನಿಲ್ಲಿಸಿದರಂತೆ. ಹೋಗಿ ಎತ್ತಿದರೆ ಉಸಿರಿರಲಿಲ್ಲ. ತಲೆ ಕಲ್ಲಿಗೆ ಬಡಿದಿತ್ತು.

ಅಂಗಡಿಯವ ಫಕೀರಪ್ಪನ ಮನೆಗೆ, ಮಣ್ಣಿಗೆ ಹೋದ. ಹೋಗದೆ ಇರಲಾದೀತೇ, ಹಳೆಯ ಗಿರಾಕಿ. ಅಂಗಳದ ಮೂಲೆಯಲ್ಲಿ ಹೆಲ್ಮೆಟ್ ಬಿದ್ದಿತ್ತು, ತೆಂಗಿನಕಾಯಿಯಂತೆ ಎರಡು ಹೋಳಾಗಿ. ಒಂದು ಹೋಳಿನಲ್ಲಿ ಅವನ ಅರ್ಧ ಹೆಸರು, ಇನ್ನೊಂದರಲ್ಲಿ ಉಳಿದರ್ಧ. ಅವನು ಅಲ್ಲೇ ನಿಂತ. ಅಷ್ಟರಲ್ಲಿ ಫಕೀರಪ್ಪನ ಹೆಂಡತಿ ಗಂಗವ್ವ ಅವನನ್ನು ಕಂಡಳು. ಈಗ ಶಾಪ ಹಾಕುತ್ತಾಳೆ, ಹಾಕಲಿ ಎಂದು ಅವನು ತಲೆ ತಗ್ಗಿಸಿದ. ಅವಳು ಹೇಳಿದ್ದೇ ಬೇರೆ.

"ಅಣ್ಣಾರ, ನೀವು ಕೊಟ್ಟ ಹೆಲ್ಮೆಟ್ ಇತ್ತಂತ ಮಾರಿ ಆದ್ರೂ ಉಳೀತ್ರಿ. ಕಡೀಕ ನೋಡಾಕ ಅವರ ಮುಖ ಸಿಕ್ತು. ನಿಮ್ಮ ಉಪಕಾರ ಮರಿಯಂಗಿಲ್ರಿ ನಾ."

ಅವನೇನು ಮಾಡಿದ? ಕೈ ಮುಗಿದ. ಅಷ್ಟೇ ಮಾಡಿದ. ತಾಯಂದಿರೇ, ಒಬ್ಬ ಹೆಣ್ಣುಮಗಳು ತನ್ನ ಗಂಡನನ್ನು ಕೊಂದ ಸಾಮಾನಿಗೆ ಕೃತಜ್ಞತೆ ಹೇಳುತ್ತಿದ್ದಾಳೆ, ಇವನು ಆ ಕೃತಜ್ಞತೆಯನ್ನು ಕೈ ಮುಗಿದು ಸ್ವೀಕರಿಸುತ್ತಿದ್ದಾನೆ. ಇದಕ್ಕಿಂತ ನೀಚವಾದ ನಮಸ್ಕಾರ ಇದೆಯೇ? ಕೋಪ ಬರುತ್ತದೆ ನನಗೆ. ಹೇಳುವಾಗಲೆಲ್ಲ ಬರುತ್ತದೆ.

ಆದರೂ ಅವನು ಕಲ್ಲಲ್ಲ. ಮನೆಗೆ ಬಂದು ಗಂಗಾಳದ ಮುಂದೆ ಕೂತರೆ ತುತ್ತು ಇಳಿಯಲಿಲ್ಲ. ಬೀದಿಗೆ ಬಂದರೆ ಹಳದಿ ತಲೆಗಳು. ಮೊನ್ನೆ ಹೂವಿನಂತೆ ಕಂಡಿದ್ದವು, ಈಗ ಒಡೆಯಲು ಕಾದ ಕಾಯಿಗಳಂತೆ ಕಂಡವು. ಎಲ್ಲವನ್ನೂ ವಾಪಸು ಪಡೆಯಬೇಕು ಎಂದು ನಿರ್ಧರಿಸಿದ. ಒಳ್ಳೆಯ ನಿರ್ಧಾರ, ಅಲ್ಲವೇ? ಅದಕ್ಕೆ ಬೇಕಾದದ್ದು ಒಂದೇ ಮಾತು: ಇದು ಒಡೆಯುತ್ತದೆ, ನನಗೆ ಮೊದಲೇ ಗೊತ್ತಿತ್ತು. ಆದರೆ ಆ ಮಾತು ಹೇಳಿದರೆ ಹೆಸರು ಏನಾಗಬೇಕು? ಅಪ್ಪನ ಕಾಲದ ಅಂಗಡಿಯ ಹೆಸರು? ಗಂಗವ್ವನ ಮನೆಯಲ್ಲಿ ಪಡೆದ ಕೃತಜ್ಞತೆ? ಅವನು ಆ ಒಂದು ಮಾತನ್ನು ಬಿಟ್ಟು ಬೇರೆ ಮಾತು ಹುಡುಕಿದ. ಅಂಗಡಿಯ ಫೋನ್ ನಂಬರನ್ನು ಬದಲಿಸಿಬಿಟ್ಟ. ಆಮೇಲೆ ಕಂಡಕಂಡವರಿಗೆಲ್ಲ, ನಂಬರು ಹಳೆಯದಾಗಿದೆ, ಆ ಹೆಲ್ಮೆಟ್ ತಂದು ಕೊಡಿ, ಹೊಸತು ಕೊಡುತ್ತೇನೆ ಎಂದು ಹೇಳತೊಡಗಿದ.

ಜನ ತಂದು ಕೊಟ್ಟರೇ? ನೀವು ಕೊಡುತ್ತಿದ್ದಿರೇ? ನಮ್ಮ ಜನರ ಮರ್ಯಾದೆ ನಿಮಗೆ ಗೊತ್ತಿಲ್ಲವೇ? ಪ್ರೀತಿಯಿಂದ ಕೊಟ್ಟ ಉಡುಗೊರೆಯನ್ನು, ನಂಬರು ಹಳೆಯದಾಯಿತು ಎಂದು ತಿರುಗಿ ಕೊಡುವುದು ಕೊಟ್ಟವನ ಮುಖಕ್ಕೆ ಹೊಡೆದಂತೆ. ನಿಮ್ಮ ಹೊಸ ನಂಬರು ನಮ್ಮ ಫೋನಿನಲ್ಲಿ ಇದೆ, ಸುಮ್ಮನೆ ಮತ್ತೆ ಯಾಕೆ ಖರ್ಚು ಮಾಡಿಕೊಳ್ಳುತ್ತೀರಿ, ಇರಲಿ ಬಿಡಿ ಎಂದರು. ಎಷ್ಟು ಒಳ್ಳೆಯ ಮನುಷ್ಯ, ಒಂದು ನಂಬರಿಗಾಗಿ ಇಷ್ಟು ಒದ್ದಾಡುತ್ತಾನೆ ಎಂದು ಹೊಗಳಿದರು ಕೂಡ. ಹತ್ತರಲ್ಲಿ ಒಬ್ಬ ತಂದುಕೊಟ್ಟಿರಬಹುದು. ಉಳಿದವು ಊರಿನ ತಲೆಗಳ ಮೇಲೆ ಹಾಗೇ ಉಳಿದವು. ಅಂಗಡಿಯವ, ಕೇಳುವಷ್ಟು ಕೇಳಿದ್ದೇನೆ, ಕೊಡದಿದ್ದರೆ ನಾನೇನು ಮಾಡಲಿ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಬೇಸಿಗೆ ಕಳೆಯಿತು, ಮಳೆ ಹಿಡಿಯಿತು, ಸಮಾಧಾನವೂ ಗಟ್ಟಿಯಾಯಿತು.

ಶ್ರಾವಣ ಬಂತು, ನಾಗರ ಪಂಚಮಿ ಬಂತು. ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆಯದೆ ನಮ್ಮ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆಯೇ? ಅಂಗಡಿಯವನ ಹೆಂಡತಿಯನ್ನು ಕರೆಯಲು ಅವಳ ತಮ್ಮ ಬಂದ. ಹೆಸರು ಸಂಗನಬಸು. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗ, ನಕ್ಕರೆ ಮನೆ ತುಂಬುತ್ತಿತ್ತು. ಅಕ್ಕ ಚೀಲ ತುಂಬಿಕೊಂಡು ಅಂಗಡಿಗೇ ಬಂದು ಕಾಯುತ್ತಿದ್ದಳು. ಬೈಕು ಬಂದು ನಿಂತಿತು. ಅಂಗಡಿಯವ ತಲೆ ಎತ್ತಿ ನೋಡಿದ. ಸಂಗನಬಸುವಿನ ತಲೆಯ ಮೇಲೆ ಹಳದಿ ಹೆಲ್ಮೆಟ್. ದೀಪಾವಳಿಯಲ್ಲಿ ಅಕ್ಕನೇ ಪ್ರೀತಿಯಿಂದ ಕಳಿಸಿದ್ದಳಂತೆ, ಗಂಡನಿಗೆ ಹೇಳುವ ನೆನಪಾಗಿರಲಿಲ್ಲ.

ಅಂಗಡಿಯವ ಕೌಂಟರಿನಿಂದ ಎದ್ದು ಬಂದ. ಆ ನಂಬರು ಹಳೆಯದು, ಅದನ್ನು ಇಲ್ಲೇ ಬಿಟ್ಟು ಈ ಕಂಪನಿಯದನ್ನು ಹಾಕಿಕೊಂಡು ಹೋಗು ಎಂದು ಗೂಟದಿಂದ ತನ್ನ ಹೆಲ್ಮೆಟ್ ತೆಗೆದು ಮುಂದೆ ಹಿಡಿದ. ಸಂಗನಬಸು ನಕ್ಕ.

"ಮಾವಾರ, ನಿಮ್ಮ ನಂಬರ್ ನನಗ ಬಾಯಿಪಾಠ ಐತಿ. ನಿಮ್ಮ ಹೆಸರು ಹೊತ್ಕೊಂಡ ತಿರಗಾಕ ನನಗೇನ ನಾಚಿಕಿ?"

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಎಲ್ಲರೂ ಭೇಷ್ ಎಂದು ನಕ್ಕರು. ಅವರಲ್ಲಿ ಒಬ್ಬ ಫಕೀರಪ್ಪನ ಓಣಿಯವನು. ಅಂಗಡಿಯವನ ಗಂಟಲಿಗೆ ಆ ಮಾತು ಬಂತು, ತಮ್ಮಾ, ಅದು ಒಡೀತೈತಿ. ಇಷ್ಟೇ ಮಾತು. ಶರಣರೇ, ಎಷ್ಟು ಹೊತ್ತು ಬೇಕು ಇಷ್ಟು ಹೇಳಲು? ಅವನು ಫಕೀರಪ್ಪನ ಓಣಿಯವನ ಮುಖ ನೋಡಿದ. ಮಾತನ್ನು ನುಂಗಿದ. ಕೈಯಲ್ಲಿದ್ದ ಗಟ್ಟಿ ಹೆಲ್ಮೆಟನ್ನು ತಂದು, ಬೈಕಿನ ಹಿಂದೆ ಏರಿ ಕೂತಿದ್ದ ಹೆಂಡತಿಯ ತಲೆಗೆ ಇಟ್ಟ. ಅವಳು ಸೀರೆಯ ಸೆರಗಿನ ಮೇಲೆ ಇದೇನು ಗಡಿಗೆ ಎಂದು ಬೇಡ ಬೇಡ ಎಂದಳು. ಅವನು ಬಿಡದೆ ಪಟ್ಟಿ ಬಿಗಿದ. ನೋಡಿದ್ರೇನು ಹೆಂಡತಿ ಮೇಲಿನ ಪ್ರೀತಿ ಎಂದು ಗಿರಾಕಿಗಳು ಮತ್ತೊಮ್ಮೆ ನಕ್ಕರು. ಬೈಕು ಹೊರಟಿತು.

ಊರು ದಾಟಿ ಹಳ್ಳದ ತಿರುವಿನಲ್ಲಿ ಒಂದು ನಾಯಿ ಅಡ್ಡ ಬಂತು. ಮಳೆಗೆ ರಸ್ತೆ ಜಾರುತ್ತಿತ್ತು. ಅಕ್ಕ ತಮ್ಮ ಇಬ್ಬರೂ ಒಂದೇ ಕಡೆ ಬಿದ್ದರು, ಬದಿಗೆ ಸುರಿದಿದ್ದ ಒಂದೇ ಕಲ್ಲಿನ ರಾಶಿಯ ಮೇಲೆ. ಅಕ್ಕ ಎದ್ದಳು. ಮೊಣಕೈ ಕೆತ್ತಿಹೋಗಿತ್ತು. ತಮ್ಮ ಏಳಲಿಲ್ಲ. ಅವಳು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಸರು ಹಿಡಿದು ಕೂಗಿದಳು, ಕೂಗಿದಳು. ಮರುದಿನ ಪಂಚಮಿ. ನಾಗಪ್ಪನಿಗೆ ತಮ್ಮನ ಪಾಲಿನ ಹಾಲು ಎರೆಯಬೇಕಾದವಳು ತಮ್ಮನ ಕುಣಿಗೆ ಮಣ್ಣು ಹಾಕಿದಳು.

ಮಣ್ಣಾದ ಮೇಲೆ ಅಂಗಡಿಯವ ತವರಿನ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಹೆಂಡತಿ ಒಳಗಿನಿಂದ ಬಂದು ಅವನ ಮುಂದೆ ಎರಡು ಹೆಲ್ಮೆಟ್ ಇಟ್ಟಳು. ಒಂದು ಹೋಳಾಗಿತ್ತು. ಇನ್ನೊಂದರ ಮೇಲೆ ಒಂದು ಗೀರು ಮಾತ್ರ. ಅವಳು ಅಳಲಿಲ್ಲ, ದನಿ ಏರಿಸಲೂ ಇಲ್ಲ.

"ಎರಡೂ ಒಂದ ಕಲ್ಲಿಗೆ ಬಡದಾವು. ನನ್ನ ತಲಿಗೆ ನಿಮ್ಮದನ್ನ ಇಟ್ರಿ. ಬ್ಯಾಡಂದ್ರೂ ಬಿಡದ ಇಟ್ರಿ. ಅವನೂ ಬ್ಯಾಡಂದ, ಅವನ ತಲಿಗೆ ಯಾಕ ಹಂಗ ಇಡಲಿಲ್ಲ? ನಿಮಗ ಗೊತ್ತಿತ್ತೇನು?"

ಅಲ್ಲಿ ಮಾವ ಇದ್ದ, ಅತ್ತೆ ಇದ್ದಳು, ಸಂಗನಬಸುವಿನ ಹೊಸ ಹೆಂಡತಿ ಮೂಲೆಯಲ್ಲಿ ಇದ್ದಳು. ಈಗ ಹೇಳಲು ಯಾವ ನಂಬರೂ ಉಳಿದಿರಲಿಲ್ಲ.

"ಗೊತ್ತಿತ್ತು" ಎಂದ.

"ಫಕೀರಪ್ಪ ಸತ್ತಾಗೂ?"

"ಅದಕ್ಕೂ ಮೊದಲ."

"ಹಂಗಾರ ಹೋಗಿ ಆ ಗಂಗವ್ವನ ಮುಂದ ಹೇಳ್ರಿ" ಎಂದಳು. "ನನ್ನ ಮುಂದ ಹೇಳಿ ಹಗುರ ಆಗಬ್ಯಾಡ್ರಿ."

ಹೋದ. ಗಂಗವ್ವ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದ, ಏನೂ ಬಿಡದೆ, ಏಜೆಂಟಿನ ಜೊತೆ ನಕ್ಕದ್ದನ್ನೂ ಬಿಡದೆ. ಅವಳು ಮೊರದ ಮೇಲಿನ ಕೈ ನಿಲ್ಲಿಸಿ ಕೇಳಿದಳು. ಹೊಡೆಯಲಿಲ್ಲ, ಬೈಯಲಿಲ್ಲ. ಇಷ್ಟೇ ಅಂದಳು:

"ದಿನಾ ಸಂಜೀಕ ದೀಪ ಹಚ್ಚುವಾಗ ನಿಮ್ಮ ಹೆಸರು ತಗೋತಿದ್ನ್ಯಲ್ರಿ ಅಣ್ಣಾರ. ಚೊಲೋ ಇರಲಿ ಅಂತ ಬೇಡ್ಕೋತಿದ್ನಿ."

ಅವನಿಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಸೀದಾ ಹಾಲಿನ ಡೇರಿಗೆ ಬಂದ, ಅಲ್ಲಿಂದ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಸಂತೆಗೆ. ಪ್ರತಿಯೊಂದು ಕಡೆ ನಿಂತು ಅದೇ ಮಾತು ಹೇಳಿದ: ಇದು ಒಡೆಯುತ್ತದೆ, ನನಗೆ ಮೊದಲೇ ಗೊತ್ತಿತ್ತು, ಇದರಿಂದ ಇಬ್ಬರು ಸತ್ತರು. ಆರು ತಿಂಗಳು ನಯವಾಗಿ ಕೇಳಿದರೂ ಬಾರದ ಹೆಲ್ಮೆಟ್ಟುಗಳು ಆ ಸಂಜೆಯೊಳಗೆ ಅಂಗಡಿಯ ಮುಂದೆ ರಾಶಿ ಬಿದ್ದವು. ಕೆಲವರು ಇಟ್ಟು ಹೋದರು. ಹೆಚ್ಚಿನವರು ಅವನ ಬಾಗಿಲಿಗೆ ಎಸೆದು ಹೋದರು. ಒಬ್ಬ ಮುದುಕ ಉಗಿದ. ಅವನು ಒರೆಸಿಕೊಳ್ಳಲಿಲ್ಲ. ಆಮೇಲೆ ಅಂಗಡಿಗೆ ಯಾರೂ ಬರಲಿಲ್ಲ, ಅದು ಮುಚ್ಚಿತು. ಹೆಂಡತಿ ತಿರುಗಿ ಬಂದಳೇ ಎಂದು ತಾಯಂದಿರು ಕೇಳುತ್ತೀರಿ. ಬಂದಳು. ಅಡಿಗೆ ಮಾಡುತ್ತಾಳೆ, ನೀಡುತ್ತಾಳೆ. ಪಂಚಮಿ ಬಂದರೆ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾಳೆ, ಕರೆಯಲು ಬರುವವರು ಯಾರೂ ಇಲ್ಲ.

ಕಥೆ ಮುಗಿಯಿತು. ಈಗ ನಿಮ್ಮ ಕಡೆ ಬರುತ್ತೇನೆ. ಅವನು ಪಾಪಿ, ನಾವು ಹೆಲ್ಮೆಟ್ ಹಂಚಿಲ್ಲ ಎಂದು ಆರಾಮವಾಗಿ ಕೂರಬೇಡಿ. ತಾರೀಖು ಮುಗಿದ ಔಷಧಿಯನ್ನು ಉಚಿತ ಶಿಬಿರಕ್ಕೆ ಕಳಿಸಿ ಫೋಟೋ ತೆಗೆಸಿಕೊಂಡವರು ಇಲ್ಲಿ ಯಾರೂ ಇಲ್ಲವೇ? ನಿಮ್ಮ ಮಗ ಉಣ್ಣದ ಹಳಸಿದ ಅನ್ನವನ್ನು ಕೆಲಸದವಳ ಡಬ್ಬಿಗೆ ತುಂಬಿ, ಪಾಪ ಒಯ್ಯಲಿ ಎಂದವರು ಇಲ್ಲವೇ? ಒಳಗೆ ಕಬ್ಬಿಣ ಕಡಿಮೆ ಹಾಕಿ ಶಾಲೆಯ ಕೋಣೆ ಕಟ್ಟಿಸಿ, ಹೊರಗೆ ತಮ್ಮ ಹೆಸರಿನ ಕಲ್ಲು ದೊಡ್ಡದಾಗಿ ಕೂರಿಸಿದವರು? ಪುಕ್ಕಟೆ ಕೊಟ್ಟೆ ಎಂಬ ಮಾತ್ರಕ್ಕೆ ಪ್ರಾಮಾಣಿಕತೆಯಿಂದ ಬಿಡುಗಡೆ ಸಿಗುವುದಿಲ್ಲ. ಹೆಸರು ಹಾಕಿಸಿ ಕೊಡಿ, ಬೇಡ ಎನ್ನುವುದಿಲ್ಲ, ವ್ಯಾಪಾರ ನಡೆಯಬೇಕು. ಆದರೆ ಕೊಡುವ ಮೊದಲು ಒಂದು ತಿಂಗಳು ಅದನ್ನು ನಿಮ್ಮ ಮನೆಯಲ್ಲಿ ಬಳಸಿ. ನಿಮ್ಮ ಹೆಂಡತಿಯ ತಲೆಗೆ ಇಡಲು ಕೈ ಬಾರದ್ದನ್ನು ಇನ್ನೊಬ್ಬಳ ಗಂಡನ ತಲೆಗೆ ಇಡಬೇಡಿ.

ಇನ್ನೊಂದು ಮಾತು, ಇದು ಕಷ್ಟದ್ದು. ಫಕೀರಪ್ಪನನ್ನು ಕೊಂದದ್ದು ಹಗುರ ಹೆಲ್ಮೆಟ್. ಸಂಗನಬಸುವನ್ನು ಕೊಂದದ್ದು ಹೆಲ್ಮೆಟ್ ಅಲ್ಲ, ನೆಪ. ತಪ್ಪು ಯಾರಿಂದ ಆಗುವುದಿಲ್ಲ? ಆಗುತ್ತದೆ. ಆದ ಮೇಲೆ ನಾವು ಏನು ಮಾಡುತ್ತೇವೆ? ಸುತ್ತಿ ಬಳಸಿ ಮಾತಾಡುತ್ತೇವೆ, ನಂಬರು ಬದಲಾಯಿತು ಎನ್ನುತ್ತೇವೆ, ಯಾರಿಗೂ ನೋವಾಗಬಾರದು ಎನ್ನುತ್ತೇವೆ. ನೋವಾಗಬಾರದ್ದು ನಮ್ಮ ಹೆಸರಿಗೆ ಮಾತ್ರ. ನಿಮಗೆ ಗೊತ್ತಿರುವ ಅಪಾಯ ಇನ್ನೊಬ್ಬರ ಮನೆಯಲ್ಲಿ ಇದ್ದರೆ, ಅದು ನಿಮ್ಮ ಅಂಗಡಿಯ ಎಣ್ಣೆಯಿರಲಿ, ನೀವು ಜೋಡಿಸಿದ ವೈರಿರಲಿ, ನೀವು ಮುಂದೆ ನಿಂತು ಕುದುರಿಸಿದ ಸಂಬಂಧವಿರಲಿ, ಹೋಗಿ ಬಾಯಿ ಬಿಟ್ಟು ಹೇಳಿ. ಇದರಲ್ಲಿ ದೋಷ ಇದೆ, ನನಗೆ ಗೊತ್ತಿತ್ತು. ನನಗೆ ಗೊತ್ತಿತ್ತು ಎಂಬ ಮಾತನ್ನು ಬಿಡಬೇಡಿ. ಅದನ್ನು ಬಿಟ್ಟರೆ ಜನ ನಂಬುವುದಿಲ್ಲ, ಇರಲಿ ಬಿಡಿ ಎನ್ನುತ್ತಾರೆ.

ಉಗಿಯುತ್ತಾರೆ. ಉಗಿಯಲಿ. ಅವನು ಸಂಕ್ರಾಂತಿಯಲ್ಲೇ ಉಗಿಸಿಕೊಂಡಿದ್ದರೆ ಸಂಗನಬಸು ಇವತ್ತು ಬೈಕು ತಗೊಂಡು ಅಕ್ಕನನ್ನು ಕರೆಯಲು ಬರುತ್ತಿದ್ದ.

ಇನ್ನು ಏಳಿ, ಪ್ರಸಾದಕ್ಕೆ ಅವಸರ ಇಲ್ಲ, ಎಲ್ಲರಿಗೂ ಇದೆ. ನಾನು ಮಾತಾಡುವಾಗ ನಿಮ್ಮಲ್ಲಿ ಕೆಲವರಿಗೆ ಒಂದು ಮನೆ ನೆನಪಾಗಿದೆ. ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ. ಅಂಥವರು ಪ್ರಸಾದಕ್ಕೆ ನಿಲ್ಲಬೇಡಿ. ಮೊದಲು ಹೋಗಿ ಆ ಮನೆಯ ಬಾಗಿಲು ಬಡಿಯಿರಿ.